ಮೈಕ್ರೋವೇವ್ ಒವನ್‌ನಲ್ಲಿ ಕಿಡಿ ಹಾರುವುದೇಕೆ, ಅದು ಕೆಡದಂತೆ ಶುಚಿಯಾಗಿಡುವುದು ಹೇಗೆ?

ಪ್ರಶ್ನೆ: ನಮ್ಮ ಮೈಕ್ರೋವೇವ್ ಒವನ್ ಕೊಂಡು ನಾಲ್ಕು ವರ್ಷವಾಗಿದೆ. ಈಚೆಗೆ ಆಹಾರ ಬಿಸಿ ಮಾಡುವಾಗ ಒಳಗಡೆ ಬಲಗೋಡೆಯ ಹತ್ತಿರ ಚಟಪಟ ಸದ್ದಿನೊಂದಿಗೆ ಕಿಡಿ ಹಾರುತ್ತದೆ, ಸುಟ್ಟ ವಾಸನೆಯೂ ಬರುತ್ತದೆ. ಆಗಾಗ ಒದ್ದೆ ಬಟ್ಟೆಯಲ್ಲಿ ಒಳಭಾಗ ಒರೆಸುವುದನ್ನು ಬಿಟ್ಟರೆ ಬೇರೆ ಆರೈಕೆ ಮಾಡಿಲ್ಲ. ಯಂತ್ರ ಪೂರ್ತಿ ಕೆಡುವ ಸೂಚನೆಯೇ ಇದು? ಸರಿಯಾಗಿ ಶುಚಿ ಮಾಡುವ ಕ್ರಮ ಯಾವುದು? ನಾವೇ ಮಾಡಬಹುದಾದದ್ದು ಏನು, ಕೈ ಹಾಕಬಾರದ್ದು ಏನು?

ಉತ್ತರ: ಕಿಡಿಯ ಕಾರಣ ಗೊತ್ತಾಗುವವರೆಗೆ ದಯವಿಟ್ಟು ಒವನ್ ಬಳಸಬೇಡಿ, ಪ್ಲಗ್ ತೆಗೆದಿಡಿ. ನೀವು ಹೇಳಿರುವ ಲಕ್ಷಣಗಳನ್ನು ನೋಡಿದರೆ ಯಂತ್ರ ಪೂರ್ತಿ ಕೆಟ್ಟಿರುವ ಸಂಭವ ಕಡಿಮೆ. ಒಳಗೋಡೆಯಲ್ಲಿ, ಅಲೆಗಳು ಹೊರಬೀಳುವ ಕಿಂಡಿಯ ಮೇಲೆ ಮುಚ್ಚಿರುವ ಮೈಕಾ (ಅಭ್ರಕ) ಹಾಳೆ ಸುಟ್ಟಿರುವ ಸಂಭವವೇ ಹೆಚ್ಚು. ಇಡೀ ಒವನ್‌ನಲ್ಲಿ ತೀರ ಅಗ್ಗದ ಬಿಡಿಭಾಗಗಳಲ್ಲಿ ಅದೂ ಒಂದು. ಆದರೆ ಅದನ್ನು ಅಲಕ್ಷಿಸಿ ಹಾಗೆಯೇ ಬಳಸುತ್ತ ಹೋದರೆ, ಅಲೆಗಳನ್ನು ಹುಟ್ಟಿಸುವ, ಅತ್ಯಂತ ದುಬಾರಿ ಭಾಗವಾದ ಮ್ಯಾಗ್ನೆಟ್ರಾನಿಗೇ ಪೆಟ್ಟು ಬೀಳುತ್ತದೆ. ರಿಪೇರಿಗೆ ಬರುವ ಒವನ್‌ಗಳಲ್ಲಿ ಎಷ್ಟೋ ಈ ದಾರಿಯಲ್ಲೇ ಕೆಟ್ಟಿರುತ್ತವೆ. ತಪ್ಪು ಬಳಕೆದಾರರದೆಂದು ನಾನು ಹೇಳಲಾರೆ, ಏಕೆಂದರೆ ಒರೆಸಬೇಕಾದ ಜಾಗಗಳು ಕಣ್ಣಿಗೆ ಬೀಳುವ ಜಾಗಗಳಲ್ಲ ಎಂಬುದನ್ನು ಯಾರೂ ಅವರಿಗೆ ಬಿಡಿಸಿ ಹೇಳಿರುವುದಿಲ್ಲ.

ಕಿಡಿ ಏಕೆ ಹುಟ್ಟುತ್ತದೆ ಎಂಬುದು ತಿಳಿದರೆ ಉಳಿದ ಆರೈಕೆಯ ಅರ್ಥವೂ ತಾನಾಗಿ ತಿಳಿಯುತ್ತದೆ. ಸಾಮಾನ್ಯ ಒವನ್‌ಗಳಲ್ಲಿ ಮನೆಯ ವಿದ್ಯುತ್ತನ್ನು ಒಂದು ಟ್ರಾನ್ಸ್‌ಫಾರ್ಮರ್ ಸುಮಾರು 2000 ವೋಲ್ಟಿಗೆ ಏರಿಸುತ್ತದೆ. ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಮತ್ತು ಅದನ್ನು ಒಂದೇ ದಿಕ್ಕಿಗೆ ಹರಿಯಗೊಡುವ ಡಯೋಡ್ ಸೇರಿ ಅದನ್ನು ಸುಮಾರು 4000 ವೋಲ್ಟಿನವರೆಗೆ ಒಯ್ದು ಮ್ಯಾಗ್ನೆಟ್ರಾನಿಗೆ ಕೊಡುತ್ತವೆ. ಇನ್ವರ್ಟರ್ ಮಾದರಿಗಳಲ್ಲಿ ಈ ಕೆಲಸವನ್ನು ಎಲೆಕ್ಟ್ರಾನಿಕ್ ಬೋರ್ಡ್ ಮಾಡುತ್ತದೆ. ಮ್ಯಾಗ್ನೆಟ್ರಾನ್ ಹೊಮ್ಮಿಸುವ ಅಲೆಗಳ ಆವರ್ತನ 2.45 ಗಿಗಾಹರ್ಟ್ಸ್, ತರಂಗಾಂತರ ಸುಮಾರು 12 ಸೆಂಟಿಮೀಟರ್. ವೇವ್‌ಗೈಡ್ ಎಂಬ ಲೋಹದ ಕೊಳವೆಯ ಮೂಲಕ ಹಾದು, ಒಳಗೋಡೆಯ ಕಿಂಡಿಯಿಂದ ಅವು ಅಡುಗೆಯ ಕೋಣೆಗೆ ಬರುತ್ತವೆ. ಆಹಾರದ ಹಬೆಯೂ ಎಣ್ಣೆಯ ಹನಿಗಳೂ ಆ ಕಿಂಡಿಯೊಳಗೆ ನುಗ್ಗದಂತೆ ತಡೆಯಲು ಮೈಕಾ ಹಾಳೆ ಇದೆ. ಅಲೆಗಳು ಮೈಕಾವನ್ನು ಬಿಸಿ ಮಾಡದೆ ಹಾದುಹೋಗುತ್ತವೆ, ಆದರೆ ಅದು ಒಣಗಿದ್ದು ಶುಚಿಯಾಗಿದ್ದರೆ ಮಾತ್ರ.

ಹಾಳೆಯ ಮೇಲೆ ಎಣ್ಣೆಯ ಹನಿಯೋ ಸಕ್ಕರೆ ಪಾಕದ ತುಣುಕೋ ಸಿಡಿದು ಅಂಟಿಕೊಂಡಿತೆನ್ನಿ. ಮುಂದಿನ ಸಲ ಒವನ್ ಓಡಿದಾಗ ಅಲೆಗಳು ಆ ಕಲೆಯನ್ನೂ ಬಿಸಿ ಮಾಡುತ್ತವೆ. ನೀರಿನಂಶ ಇರುವಷ್ಟು ಹೊತ್ತು ಬಿಸಿ 100 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ನೀರು ಆರಿದ ಮೇಲೆ ಉಳಿಯುವ ಜಿಡ್ಡು, ಸಕ್ಕರೆಗಳಿಗೆ ಅಂಥ ತಡೆಯಿಲ್ಲ, ಅವು ಕಾದು ಕಾದು ಕರಿಯಾಗುತ್ತವೆ. ಹೀಗೆ ಕರಿಯಾದದ್ದು ಇಂಗಾಲ, ಅಂದರೆ ವಿದ್ಯುತ್ತನ್ನು ಹರಿಯಗೊಡುವ ವಸ್ತು. ಕಿಂಡಿಯ ಬಾಯಲ್ಲಿ ಅಲೆಗಳ ಬಲ ಹೆಚ್ಚು. ಅಲ್ಲಿ ಒಂದು ಇಂಗಾಲದ ಚುಕ್ಕೆ ಕುಳಿತರೆ ಅದರ ಅಂಚಿನಿಂದ ಕಿಡಿ ಹಾರುತ್ತದೆ, ಆ ಕಿಡಿ ಸುತ್ತಲಿನದನ್ನು ಸುಟ್ಟು ಇನ್ನಷ್ಟು ಇಂಗಾಲ ಮಾಡುತ್ತದೆ. ಸಾಸಿವೆಯಷ್ಟಿದ್ದ ಕಲೆ ಕೆಲವೇ ಬಳಕೆಗಳಲ್ಲಿ ಹಾಳೆಯನ್ನು ತೂತು ಮಾಡುವುದು ಹೀಗೆ. ತೂತಾದ ಮೇಲೆ ಹಬೆ, ಜಿಡ್ಡು ವೇವ್‌ಗೈಡಿನ ಒಳಗೆ ಇಳಿಯುತ್ತವೆ, ಕೊನೆಗೆ ಮ್ಯಾಗ್ನೆಟ್ರಾನಿನ ತುದಿಯ ಲೋಹದ ಟೊಪ್ಪಿಗೆಯೇ ಕರಗುವವರೆಗೂ ಹೋಗಬಹುದು.

ಆದ್ದರಿಂದ ಮೊದಲು ಈ ಹಾಳೆಯನ್ನು ನೋಡಿ. ಪ್ಲಗ್ ತೆಗೆದು, ಒವನ್ ತಣ್ಣಗಾದ ಮೇಲೆ ಗಾಜಿನ ತಟ್ಟೆಯನ್ನು ಹೊರಗಿಟ್ಟು ಟಾರ್ಚ್ ಹಿಡಿಯಿರಿ. ಹೆಚ್ಚಿನ ಮಾದರಿಗಳಲ್ಲಿ ಅಂಗೈಯಷ್ಟಗಲದ, ಬೆಳ್ಳಿ ಬೂದು ಅಥವಾ ತಿಳಿಕಂದು ಬಣ್ಣದ, ದಪ್ಪ ಕಾಗದದಂತೆ ಕಾಣುವ ಆಯತಾಕಾರದ ಹಾಳೆ ಬಲಗೋಡೆಯಲ್ಲಿರುತ್ತದೆ. ಕೆಲವದರಲ್ಲಿ ಅದು ಮೇಲ್ಭಾಗದಲ್ಲಿರುತ್ತದೆ. ಒಳ್ಳೆಯ ಹಾಳೆ ನಯವಾಗಿ ಒಂದೇ ಬಣ್ಣವಾಗಿರುತ್ತದೆ. ಕೆಡುತ್ತಿರುವ ಹಾಳೆಯಲ್ಲಿ ಮೊದಲು ಕಂದು ನೆರಳಿನಂಥ ಜಿಡ್ಡಿನ ಕಲೆ, ಅನಂತರ ಪದರ ಉಬ್ಬಿ ಏಳುವುದು, ಕೊನೆಗೆ ಕಪ್ಪು ಅಂಚಿನ ತೂತು ಕಾಣಿಸುತ್ತವೆ. ಬರೀ ಜಿಡ್ಡಿನ ಹಂತದಲ್ಲಿದ್ದರೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ, ಹೆಚ್ಚುಕಡಿಮೆ ಒಣಗಿದಂತಿರುವ ಬಟ್ಟೆಯಿಂದ ಹಗುರವಾಗಿ ಒರೆಸಿ, ಮತ್ತೆ ಬರೀ ನೀರಿನ ಬಟ್ಟೆಯಿಂದ ಸೋಪು ತೆಗೆದು, ಪೂರ್ತಿ ಒಣಗುವವರೆಗೆ ಬಾಗಿಲು ತೆರೆದಿಡಿ. ಮೈಕಾ ಪದರ ಪದರವಾಗಿರುವ ವಸ್ತುವಾದ್ದರಿಂದ ನೀರು ಕುಡಿದರೆ ಬಿರಿಯುತ್ತದೆ. ಅದನ್ನು ನೆನೆಸಬಾರದು, ಉಗುರಿನಿಂದಲೋ ಚಾಕುವಿನಿಂದಲೋ ಕೆರೆಯಲೂಬಾರದು.

ಕಪ್ಪಾಗಿದ್ದರೆ ಅಥವಾ ತೂತಾಗಿದ್ದರೆ ಒರೆಸಿ ಪ್ರಯೋಜನವಿಲ್ಲ, ಹಾಳೆಯನ್ನೇ ಬದಲಿಸಬೇಕು. ಅದು ಒಳಗಡೆಯಿಂದಲೇ ಒಂದು ಸ್ಕ್ರೂ ಅಥವಾ ಕ್ಲಿಪ್ಪಿನಲ್ಲಿ ನಿಂತಿದ್ದರೆ, ಹೊರಕವಚ ಬಿಚ್ಚದೆ ತೆಗೆಯಬಹುದು. ನಿಮ್ಮ ಮಾದರಿಗೆ ಹೊಂದುವ ಸಿದ್ಧ ಹಾಳೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಒವನ್‌ಗೆಂದೇ ಮಾರುವ ದೊಡ್ಡ ಮೈಕಾ ಹಾಳೆಯ ಮೇಲೆ ಹಳೆಯದನ್ನಿಟ್ಟು ಅಳತೆ ಗುರುತಿಸಿ ಕತ್ತರಿಯಲ್ಲಿ ಕತ್ತರಿಸಬಹುದು. ಹಳೆಯ ಹಾಳೆಯನ್ನು ತೆಗೆದಾಗ ಅದರ ಹಿಂದಿನ ಲೋಹದ ಗೋಡೆಯಲ್ಲಿ ಕರಿ ಹಿಡಿದಿದೆಯೇ ನೋಡಿ. ಸ್ವಲ್ಪವಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ಲೋಹವೇ ಸುಟ್ಟು ಗುಳಿ ಬಿದ್ದಿದ್ದರೆ, ಕಿಂಡಿಯ ಒಳಗೆ ಕಾಣುವ ಟೊಪ್ಪಿಗೆ ಕರಗಿದ್ದರೆ ಅಲ್ಲಿಗೇ ನಿಲ್ಲಿಸಿ ತಂತ್ರಜ್ಞರನ್ನು ಕರೆಯಿರಿ. ಕಿಂಡಿಯೊಳಗೆ ಬೆರಳನ್ನಾಗಲಿ ಲೋಹದ ಸಾಧನವನ್ನಾಗಲಿ ತೂರಿಸಬೇಡಿ. ಹಾಳೆಯಿಲ್ಲದೆ ಒವನ್ ಓಡಿಸುವುದು, ಅದರ ಬದಲು ರಟ್ಟು, ಪ್ಲಾಸ್ಟಿಕ್ ಅಥವಾ ಅಲ್ಯುಮಿನಿಯಂ ಹಾಳೆ ಅಂಟಿಸುವುದು, ಇವೆರಡೂ ಬೆಂಕಿಗೆ ಆಹ್ವಾನ. ಗಾಜಿನ ತಟ್ಟೆ ಇಲ್ಲದ ಸಮತಟ್ಟಾದ ತಳದ ಮಾದರಿಗಳಲ್ಲಿ ಅಲೆಗಳ ದಾರಿ ಹಲವು ವೇಳೆ ತಳದ ಸೆರಾಮಿಕ್ ಹಲಗೆಯ ಕೆಳಗಿರುತ್ತದೆ. ಆ ಹಲಗೆಯನ್ನು ಮನೆಯಲ್ಲಿ ಎಬ್ಬಿಸಲು ಹೋಗಬಾರದು.

ಹಾಳೆ ಸರಿಯಾಗಿಯೇ ಇದೆ, ಆದರೂ ಕಿಡಿ ಬರುತ್ತಿದೆ ಎಂದಾದರೆ ಗೋಡೆಯ ಬಣ್ಣವನ್ನು ಗಮನಿಸಿ. ಒಳಗೋಡೆಯ ಉಕ್ಕಿನ ಮೇಲೆ ತೆಳುವಾದ ಬಣ್ಣದ ಲೇಪವಿರುತ್ತದೆ. ಮೂಲೆಗಳಲ್ಲಿ, ಬಾಗಿಲಿನ ಚೌಕಟ್ಟಿನ ಕೆಳಗೆ, ತಟ್ಟೆಯ ಚಕ್ರಗಳು ಓಡುವ ವೃತ್ತದಲ್ಲಿ ಅದು ಸವೆದು ಉಕ್ಕು ಹೊರಬಂದರೆ ತೇವಕ್ಕೆ ತುಕ್ಕು ಹಿಡಿಯುತ್ತದೆ, ತುಕ್ಕಿನ ಚೂಪು ಅಂಚಿನಲ್ಲಿ ಕಿಡಿ ಹಾರುತ್ತದೆ. ಸಣ್ಣ ಉಜ್ಜುಗಾಯವಾದರೆ ನುಣ್ಣನೆಯ ಉಪ್ಪುಕಾಗದದಿಂದ ತಿಕ್ಕಿ, ಪುಡಿಯನ್ನು ಪೂರ್ತಿ ಒರೆಸಿ, ಒವನ್ ಒಳಗೋಡೆಗೆಂದೇ ಸಿಗುವ ಬಣ್ಣ ಹಚ್ಚಿ, ಡಬ್ಬಿಯ ಮೇಲೆ ಹೇಳಿರುವಷ್ಟು ಹೊತ್ತು ಒಣಗಿಸಬಹುದು. ಬೇರೆ ಸಾಧಾರಣ ಬಣ್ಣ ಬೇಡ. ತುಕ್ಕು ಗೋಡೆಯನ್ನೇ ತಿಂದು ತೂತು ಮಾಡಿದ್ದರೆ ಆ ಒವನ್ ಇನ್ನು ಬಳಕೆಗೆ ಯೋಗ್ಯವಲ್ಲ, ಅದರ ಮೇಲೆ ಹಣ ಸುರಿಯಬೇಡಿ.

ಈಗ ಶುಚಿ ಮಾಡುವ ಕ್ರಮಕ್ಕೆ ಬರೋಣ. ಒಣಗಿದ ಕಲೆಯನ್ನು ಉಜ್ಜುವುದಕ್ಕಿಂತ ಹಬೆಯಿಂದ ಮೆತ್ತಗೆ ಮಾಡಿ ಒರೆಸುವುದು ಎಲ್ಲ ರೀತಿಯಲ್ಲೂ ಮೇಲು. ಇದಕ್ಕೆ ಒವನ್ ಕಿಡಿಯಿಲ್ಲದೆ ಓಡುತ್ತಿರಬೇಕು ಎಂಬುದನ್ನು ಮರೆಯಬೇಡಿ. ನಿಮ್ಮ ವಿಷಯದಲ್ಲಿ ಹಾಳೆ ಸರಿಹೋದ ಮೇಲಷ್ಟೇ ಇದನ್ನು ಮಾಡಿ. ಅಗಲ ಬಾಯಿಯ ಗಾಜಿನ ಬಟ್ಟಲಿನಲ್ಲಿ ಸುಮಾರು 300 ಮಿಲಿಲೀಟರ್ ನೀರು ಹಾಕಿ, ಅದಕ್ಕೆ ಎರಡು ಚಮಚ ವಿನೆಗರ್ ಅಥವಾ ಕತ್ತರಿಸಿದ ನಿಂಬೆಹೋಳು ಸೇರಿಸಿ, ಒಂದು ಮರದ ಚಮಚವನ್ನು ಅದರಲ್ಲೇ ನಿಲ್ಲಿಸಿ, ಪೂರ್ಣ ಶಕ್ತಿಯಲ್ಲಿ ಮೂರರಿಂದ ಐದು ನಿಮಿಷ ಕಾಯಿಸಿ. ಮರದ ಚಮಚ ಅಲಂಕಾರಕ್ಕಲ್ಲ: ನಯವಾದ ಪಾತ್ರೆಯಲ್ಲಿ ಅಲುಗಾಡದ ನೀರು ಗುಳ್ಳೆಯೇಳದೆ 100 ಡಿಗ್ರಿಗಿಂತ ಮೇಲೆ ಕಾದು, ಮುಟ್ಟಿದ ಕ್ಷಣ ಒಮ್ಮೆಲೇ ಉಕ್ಕಿ ಸಿಡಿದು ಕೈ ಮುಖ ಸುಡುವುದುಂಟು, ಚಮಚದ ಒರಟು ಮೈ ಗುಳ್ಳೆಗಳಿಗೆ ಎಡೆಮಾಡಿಕೊಟ್ಟು ಆ ಅಪಾಯವನ್ನು ತಪ್ಪಿಸುತ್ತದೆ. ಕಾಯಿಸಿದ ಮೇಲೆ ಬಾಗಿಲು ತೆರೆಯದೆ ಐದರಿಂದ ಹತ್ತು ನಿಮಿಷ ಹಾಗೆಯೇ ಬಿಡಿ. ಕೆಲಸ ನಡೆಯುವುದು ಈ ಸುಮ್ಮನಿರುವ ಹೊತ್ತಿನಲ್ಲೇ, ಹಬೆ ಗೋಡೆಗಳ ಮೇಲೆ ಹನಿಗಟ್ಟಿ ಕಲೆಗಳನ್ನು ನೆನೆಸುತ್ತದೆ. ನಿಂಬೆ ಮುಖ್ಯವಾಗಿ ವಾಸನೆಗೆ. ಜಿಡ್ಡು ಕಳಚುವ ಕೆಲಸದ ಬಹುಪಾಲು ಬಿಸಿ ಹಬೆಯದೇ. ನಿಂಬೆಯೂ ವಿನೆಗರೂ ಇಲ್ಲವೆಂದು ಯಾರೂ ಶುಚಿ ಕೆಲಸವನ್ನು ಮುಂದೂಡಬೇಕಿಲ್ಲ.

ಆಮೇಲೆ ಪ್ಲಗ್ ತೆಗೆದು ಒರೆಸಿ. ಮೊದಲು ಮೇಲ್ಚಾವಣಿ, ಅನಂತರ ಗೋಡೆ, ಕೊನೆಗೆ ತಳ. ಹೆಚ್ಚಿನ ಮನೆಗಳಲ್ಲಿ ಮೇಲ್ಚಾವಣಿಯನ್ನು ಬಗ್ಗಿ ನೋಡುವವರೇ ಇಲ್ಲ, ಆಹಾರ ಸಿಡಿಯುವುದು ಮಾತ್ರ ಅಲ್ಲಿಗೇ. ಬಟ್ಟೆ ಒದ್ದೆಯಾಗಿರಲಿ, ಆದರೆ ಹಿಂಡಿದಾಗ ನೀರು ತೊಟ್ಟಿಕ್ಕುವಂತಿರಬಾರದು. ಸೋಪನ್ನಾಗಲಿ ಸ್ಪ್ರೇಯನ್ನಾಗಲಿ ನೇರವಾಗಿ ಗೋಡೆಗೆ ಸಿಂಪಡಿಸಬೇಡಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಗೋಡೆಯಲ್ಲಿ ಕಾಣುವ ಸಣ್ಣ ಸಣ್ಣ ರಂಧ್ರಗಳ ಆಚೆ ಬಲ್ಬು, ಗಾಳಿಯ ದಾರಿ, ವೈರುಗಳಿವೆ; ಸಿಂಪಡಿಸಿದ ದ್ರವ ಅಲ್ಲಿಗೆ ಇಳಿದು ತಿಂಗಳುಗಳ ಮೇಲೆ ತುಕ್ಕಾಗಿಯೋ ಶಾರ್ಟ್ ಸರ್ಕ್ಯೂಟ್ ಆಗಿಯೋ ತೋರಿದಾಗ, ಅದಕ್ಕೆ ಕಾರಣ ಶುಚಿ ಮಾಡಿದ್ದೇ ಎಂದು ಯಾರಿಗೂ ಹೊಳೆಯುವುದಿಲ್ಲ. ಸಿಂಪಡಿಸುವುದಿದ್ದರೆ ಬಟ್ಟೆಯ ಮೇಲೆ ಸಿಂಪಡಿಸಿ. ಹಟಮಾರಿ ಕಲೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಕೆಲವು ನಿಮಿಷ ಬಿಟ್ಟು, ಮೆತ್ತನೆಯ ಸ್ಪಂಜಿನಿಂದ ತೆಗೆಯಬಹುದು. ಬಿಳಿ ಪುಡಿ ಉಳಿಯದಂತೆ ಎರಡು ಸಲ ಒರೆಸಬೇಕು. ಉಕ್ಕಿನ ನಾರು, ಒರಟು ಪುಡಿ, ಬ್ಲೀಚ್, ಮೈಕ್ರೋವೇವ್ ಅಲ್ಲದ ಸಾಮಾನ್ಯ ಒವನ್‌ಗಳ ಕರಿ ತೆಗೆಯಲು ಬರುವ ಕಟು ರಾಸಾಯನಿಕ ಇವು ಯಾವುವೂ ಇಲ್ಲಿ ಬೇಡ. ಉಕ್ಕಿನ ನಾರಿನ ಒಂದೇ ಒಂದು ಎಳೆ ಒಳಗೆ ಉಳಿದರೂ ಮುಂದಿನ ಸಲ ಅದೇ ಕಿಡಿ ಹಾರಿಸುತ್ತದೆ.

ಗಾಜಿನ ತಟ್ಟೆಯನ್ನು ತಣ್ಣಗಾದ ಮೇಲೆಯೇ ತೊಳೆಯಿರಿ, ಬಿಸಿ ಗಾಜಿಗೆ ತಣ್ಣೀರು ಬಿದ್ದರೆ ಸೀಳುತ್ತದೆ. ತಟ್ಟೆಯ ಕೆಳಗಿನ ರೋಲರ್ ರಿಂಗ್ ಮತ್ತು ಅದರ ಪುಟ್ಟ ಚಕ್ರಗಳನ್ನೂ ಹೊರತೆಗೆದು ತೊಳೆಯಬೇಕು. ನಡುವೆ ಎದ್ದು ನಿಂತಿರುವ ಪ್ಲಾಸ್ಟಿಕ್ ಕಪ್ಲರಿನ ಕೆಳಗೆ ತಟ್ಟೆ ತಿರುಗಿಸುವ ಮೋಟಾರ್ ಇದೆ. ಅದು ಕೆಲವೇ ವ್ಯಾಟಿನ, ಬಲ ಕಡಿಮೆಯಿರುವ ಮೋಟಾರ್. ಚಕ್ರಗಳಿಗೆ ಜಿಡ್ಡು ಮೆತ್ತಿ ತಟ್ಟೆ ತಡೆತಡೆದು ತಿರುಗಿದರೆ, ಅಥವಾ ಪಾತ್ರೆ ಗೋಡೆಗೆ ತಾಗಿ ನಿಂತರೆ ಅದು ಒದ್ದಾಡುತ್ತದೆ. ತಳದಲ್ಲಿ ಏನಾದರೂ ಚೆಲ್ಲಿದರೆ ಆಗಲೇ ಒರೆಸುವುದು ಈ ಕಾರಣಕ್ಕೇ ಮುಖ್ಯ, ದ್ರವ ಕಪ್ಲರಿನ ಕಂಬಿಯ ಗುಂಟ ಮೋಟಾರಿಗೆ ಇಳಿಯುತ್ತದೆ. ತಟ್ಟೆ ತಿರುಗುವಾಗ ಕರಕರ ಸದ್ದು ಬರುತ್ತಿದ್ದರೆ ಮೊದಲು ಚಕ್ರಗಳನ್ನು ತೊಳೆದು ನೋಡಿ; ಅನೇಕ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಬಾಗಿಲಿಗೆ ನಾನು ಬೇರೆಯಾಗಿಯೇ ಗಮನ ಕೊಡಿ ಎನ್ನುತ್ತೇನೆ, ಏಕೆಂದರೆ ಅಲ್ಲಿ ಯಂತ್ರದ ಬಾಳಿಕೆಯ ಜೊತೆಗೆ ನಿಮ್ಮ ಸುರಕ್ಷತೆಯ ಪ್ರಶ್ನೆಯೂ ಇದೆ. ಗಾಜಿನ ಹಿಂದಿನ ಲೋಹದ ಜಾಲರಿಯ ತೂತುಗಳು ಒಂದೆರಡು ಮಿಲಿಮೀಟರಿನಷ್ಟಿದ್ದು, 12 ಸೆಂಟಿಮೀಟರ್ ತರಂಗಾಂತರದ ಅಲೆಗಳು ಅವುಗಳಲ್ಲಿ ನುಸುಳಲಾರವು. ಬಾಗಿಲು ಮತ್ತು ಚೌಕಟ್ಟು ಕೂಡುವ ಅಂಚಿನಲ್ಲಿ ಅಲೆ ಹೊರಸೋರದಂತೆ ತಡೆಯುವ ವಿಶೇಷ ರಚನೆಯಿದೆ. ಆ ಅಂಚಿನಲ್ಲಿ ಆಹಾರದ ಪದರ ಕಟ್ಟಿ ಬಾಗಿಲು ಸಪಾಟಾಗಿ ಕೂರದಿದ್ದರೆ ಆ ತಡೆ ದುರ್ಬಲವಾಗುತ್ತದೆ. ಒವನ್ ಬಳಕೆಯಲ್ಲಿರುವಷ್ಟು ಕಾಲವೂ ಅದರ ಮೇಲ್ಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ ಸೋರಿಕೆ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡದ ಮಿತಿ. ಸುಸ್ಥಿತಿಯ ಒವನ್ ಈ ಮಿತಿಗಿಂತ ಬಹಳ ಕೆಳಗೇ ಇರುತ್ತದೆ, ಗಾಬರಿಪಡಬೇಕಿಲ್ಲ. ಬಾಗಿಲು ಸೊಟ್ಟಗಾಗಿದ್ದರೆ, ಕೀಲು ಸಡಿಲವಾಗಿದ್ದರೆ, ಗಾಜು ಸೀಳಿದ್ದರೆ ಮಾತ್ರ ಬಳಕೆ ನಿಲ್ಲಿಸಲೇಬೇಕು. ಮೊಬೈಲ್ ಫೋನನ್ನು ಒಳಗಿಟ್ಟು ಕರೆ ಮಾಡಿ ಸೋರಿಕೆ ಪರೀಕ್ಷಿಸುವ ವಿಧಾನವನ್ನು ನಂಬಬೇಡಿ. ಫೋನು ತೀರ ಕ್ಷೀಣ ಸಂಕೇತವನ್ನೂ ಹಿಡಿಯುವಂತೆ ಮಾಡಿದ ಸಾಧನ, ಅದು ಒಳಗೆ ರಿಂಗಣಿಸಿದ ಮಾತ್ರಕ್ಕೆ ಒವನ್ ಕೆಟ್ಟಿದೆ ಎಂದಾಗುವುದಿಲ್ಲ.

ಬಾಗಿಲಿನ ಕೊಕ್ಕೆಗಳ ಹಿಂದೆ ಸಾಮಾನ್ಯವಾಗಿ ಮೂರು ಸ್ವಿಚ್‌ಗಳಿರುತ್ತವೆ. ಬಾಗಿಲು ತೆರೆದ ಕ್ಷಣ ಎರಡು ಸ್ವಿಚ್‌ಗಳು ವಿದ್ಯುತ್ತನ್ನು ಕಡಿಯುತ್ತವೆ. ಅವು ಕೈಕೊಟ್ಟರೆ ಮೂರನೆಯದು ಬೇಕೆಂದೇ ಶಾರ್ಟ್ ಮಾಡಿ ಫ್ಯೂಸ್ ಸುಡುತ್ತದೆ. ಬಾಗಿಲು ತೆರೆದಿರುವಾಗ ಒವನ್ ಓಡಲೇಬಾರದೆಂಬ ಕಾಳಜಿಯಿಂದ ಮಾಡಿದ ವ್ಯವಸ್ಥೆ ಇದು. ಬಹಳ ಜನರಿಗೆ ಒಂದು ಅಭ್ಯಾಸವಿದೆ: ಸಮಯ ಮುಗಿಯುವ ಮೊದಲೇ ಬಾಗಿಲನ್ನು ಎಳೆದು ತೆಗೆಯುವುದು. ಯಂತ್ರ ನಿಲ್ಲುತ್ತದೆ, ನಿಜ. ಆದರೆ ಪ್ರತಿ ಸಲವೂ ಪೂರ್ತಿ ವಿದ್ಯುತ್ ಹರಿಯುತ್ತಿರುವಾಗಲೇ ಸ್ವಿಚ್ಚಿನ ಸಂಪರ್ಕ ಕಡಿದು, ಅದರ ಲೋಹದ ತುದಿಗಳ ನಡುವೆ ಸಣ್ಣ ಕಿಡಿ ಹಾರಿ ತುದಿಗಳು ಸವೆಯುತ್ತವೆ. ಎಲ್ಲ ಸರಿಯಿದ್ದೂ ಬಾಗಿಲು ತೆರೆದು ಹಾಕಿದಾಗ ಫ್ಯೂಸ್ ಹೋಗುವ ಒವನ್‌ಗಳಲ್ಲಿ ಇಂಥ ಸವೆದ ಸ್ವಿಚ್ಚುಗಳೇ ಹೆಚ್ಚು ಕಾಣಸಿಗುತ್ತವೆ. ಮೊದಲು ನಿಲ್ಲಿಸುವ ಬಟನ್ ಒತ್ತಿ, ಆಮೇಲೆ ಬಾಗಿಲು ತೆರೆಯಿರಿ. ಈ ಒಂದು ಅಭ್ಯಾಸಕ್ಕೆ ಖರ್ಚೇನೂ ಇಲ್ಲ. ಬಾಗಿಲನ್ನು ದಬಾರನೆ ಬಡಿಯುವುದು, ಅದರ ಮೇಲೆ ಭಾರ ಹೇರುವುದು, ಒದ್ದೆ ಬಟ್ಟೆ ನೇತುಹಾಕುವುದು ಬೇಡ.

ಗಾಳಿಯ ವಿಷಯ. ಒವನ್ ಸೆಳೆಯುವ ವಿದ್ಯುತ್ತೆಲ್ಲ ಆಹಾರಕ್ಕೆ ಹೋಗುವುದಿಲ್ಲ. 800 ವ್ಯಾಟ್ ಅಡುಗೆ ಶಕ್ತಿಯ ಒವನ್ ಸುಮಾರು 1200 ವ್ಯಾಟ್ ಸೆಳೆದರೆ ಉಳಿದದ್ದು ಮುಖ್ಯವಾಗಿ ಮ್ಯಾಗ್ನೆಟ್ರಾನ್ ಮತ್ತು ಟ್ರಾನ್ಸ್‌ಫಾರ್ಮರಿನಲ್ಲಿ ಶಾಖವಾಗುತ್ತದೆ. ಆ ಶಾಖವನ್ನು ಒಂದು ಫ್ಯಾನ್ ಹಿಂಬದಿಯ, ಪಕ್ಕದ ಜಾಲರಿಗಳಿಂದ ಹೊರದಬ್ಬುತ್ತದೆ. ಒವನ್‌ನ್ನು ಗೋಡೆಗೆ ಒತ್ತಿ ಇಟ್ಟರೆ, ಮೇಲೆ ಬಟ್ಟೆ ಹೊದಿಸಿದರೆ, ಜಾಲರಿಯಲ್ಲಿ ಧೂಳೂ ಅಡುಗೆಮನೆಯ ಜಿಡ್ಡೂ ಸೇರಿ ಕಂಬಳಿಯಂತೆ ಕಟ್ಟಿಕೊಂಡರೆ ಒಳಗೆ ಶಾಖ ನಿಲ್ಲುತ್ತದೆ. ಮೊದಮೊದಲು ಉಷ್ಣ ರಕ್ಷಕ ಸ್ವಿಚ್ ಒವನ್‌ನ್ನು ನಡುವೆಯೇ ನಿಲ್ಲಿಸುತ್ತದೆ, ತಣ್ಣಗಾದ ಮೇಲೆ ಮತ್ತೆ ಓಡುತ್ತದೆ. ಹೀಗಾಗುತ್ತಿದ್ದರೆ ಅದನ್ನು ಎಚ್ಚರಿಕೆಯೆಂದು ತಿಳಿಯಿರಿ. ಹಿಂದೆ ಮತ್ತು ಪಕ್ಕದಲ್ಲಿ ಸುಮಾರು 10, ಮೇಲೆ 20 ಸೆಂಟಿಮೀಟರ್ ಬಿಡುವುದು ಸಾಮಾನ್ಯ ರೂಢಿ; ನಿಮ್ಮ ಮಾದರಿಯ ಕೈಪಿಡಿ ಬೇರೆ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿ. ಒಂದೆರಡು ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಹೊರಗಿನಿಂದಲೇ ಮೆತ್ತನೆಯ ಬ್ರಷ್ ಅಥವಾ ವ್ಯಾಕ್ಯೂಮ್ ಕ್ಲೀನರಿನಿಂದ ಜಾಲರಿಯ ಧೂಳು ತೆಗೆಯಿರಿ. ಅಡುಗೆ ಮುಗಿದ ಮೇಲೂ ಫ್ಯಾನ್ ಓಡುತ್ತಿದ್ದರೆ ಅದು ತಾನಾಗಿ ನಿಲ್ಲುವವರೆಗೆ ಪ್ಲಗ್ ಎಳೆಯಬೇಡಿ. ಜಿರಳೆಗಳಿಗೂ ಈ ಜಾಲರಿಯೇ ಹೆಬ್ಬಾಗಿಲು: ಬೆಚ್ಚಗಿನ ಜಾಗ ಹುಡುಕಿ ಒಳಸೇರಿ ಅವು ಸರ್ಕ್ಯೂಟ್ ಬೋರ್ಡಿನ ಮೇಲೆ ನೆಲೆಸುತ್ತವೆ, ಅವುಗಳ ಹಿಕ್ಕೆ ಮತ್ತು ಸತ್ತ ದೇಹಗಳು ಶಾರ್ಟ್ ಮಾಡುತ್ತವೆ. ಜಾಲರಿಯೊಳಕ್ಕೆ ಕೀಟನಾಶಕ ಸಿಂಪಡಿಸುವುದು ಪರಿಹಾರವಲ್ಲ. ಒವನ್‌ನ ಕೆಳಗೆ, ಹಿಂದೆ ಆಹಾರದ ಚೂರು ಉಳಿಯದಂತೆ ನೋಡಿಕೊಳ್ಳಿ.

ಬಟನ್‌ಗಳ ಫಲಕವನ್ನು ಒರೆಸುವಾಗ ಬಾಗಿಲು ತೆರೆದಿರಲಿ, ಆಗ ತಪ್ಪಿ ಒತ್ತಿದರೂ ಯಂತ್ರ ಶುರುವಾಗದು. ಇಲ್ಲಿಯೂ ಹಿಂಡಿದ ಬಟ್ಟೆಯೇ ಸಾಕು. ಅಡುಗೆ ಮುಗಿದ ಮೇಲೆ ಬಾಗಿಲನ್ನು ಕೆಲವು ನಿಮಿಷ ಅರೆತೆರೆದಿಟ್ಟರೆ ಒಳಗಿನ ತೇವ ಆರಿ ತುಕ್ಕು ದೂರವಿರುತ್ತದೆ. ವಾಸನೆ ಉಳಿದಿದ್ದರೆ ಬಟ್ಟಲಲ್ಲಿ ಅಡುಗೆ ಸೋಡಾ ಹಾಕಿ ರಾತ್ರಿಯಿಡೀ ಒಳಗಿಡಬಹುದು, ಬೆಳಿಗ್ಗೆ ತೆಗೆಯಲು ಮರೆಯದಿದ್ದರೆ ಸರಿ.

ಬಳಕೆಯ ಕೆಲವು ತಪ್ಪುಗಳು ಎಷ್ಟು ಶುಚಿಯಾಗಿಟ್ಟರೂ ಯಂತ್ರವನ್ನು ಕೆಡಿಸುತ್ತವೆ. ಖಾಲಿ ಒವನ್ ಓಡಿಸುವುದು ಅವುಗಳಲ್ಲಿ ಮೊದಲನೆಯದು: ಅಲೆಗಳನ್ನು ಹೀರಲು ಆಹಾರವಾಗಲಿ ನೀರಾಗಲಿ ಇಲ್ಲದಾಗ ಶಕ್ತಿಯ ಬಹುಭಾಗ ಮ್ಯಾಗ್ನೆಟ್ರಾನಿಗೇ ಹಿಂತಿರುಗಿ ಅದನ್ನು ಅತಿಯಾಗಿ ಕಾಯಿಸುತ್ತದೆ. ಒಂದು ಚಿಟಿಕೆ ಸೊಪ್ಪು ಒಣಗಿಸುವಂಥ ಅತಿ ಸಣ್ಣ ಪ್ರಮಾಣದ ಕೆಲಸವೂ ಹೆಚ್ಚುಕಡಿಮೆ ಖಾಲಿ ಓಡಿಸಿದಂತೆಯೇ. ಪಕ್ಕದಲ್ಲಿ ಒಂದು ಲೋಟ ನೀರಿಡಿ. ಲೋಹದ ಪಾತ್ರೆ, ಮುದುಡಿದ ಅಲ್ಯುಮಿನಿಯಂ ಹಾಳೆ, ಚಿನ್ನದ ಅಥವಾ ಬೆಳ್ಳಿಯ ಅಂಚಿನ ತಟ್ಟೆ ಕಿಡಿ ಹಾರಿಸುತ್ತವೆಂಬುದು ಗೊತ್ತಿರುವ ಸಂಗತಿಯೇ. ಅಂಥ ಒಂದೇ ಕಿಡಿ ಗೋಡೆಯ ಬಣ್ಣ ಸುಡಲು ಸಾಕೆಂಬುದು ಹಲವರಿಗೆ ಗೊತ್ತಿರುವುದಿಲ್ಲ. ಆಹಾರವನ್ನು ರಂಧ್ರವಿರುವ ಮುಚ್ಚಳದಿಂದ ಮುಚ್ಚಿ ಬಿಸಿ ಮಾಡಿ. ಮೈಕಾ ಹಾಳೆಯನ್ನು ಕಾಪಾಡಲು ಇದಕ್ಕಿಂತ ಸುಲಭದ ದಾರಿ ನನಗೆ ತಿಳಿದಂತೆ ಬೇರೆ ಇಲ್ಲ. ನಿಮ್ಮದು ಗ್ರಿಲ್ ಅಥವಾ ಕನ್ವೆಕ್ಷನ್ ಇರುವ ಒವನ್ ಆದರೆ, ಮೇಲಿನ ಬಿಸಿ ಮಾಡುವ ಸುರುಳಿಯ (ಕಾಯಿಲ್) ಸುತ್ತ ಸಿಡಿದ ಎಣ್ಣೆಯನ್ನು ತಣ್ಣಗಾದ ಮೇಲೆ ಪ್ರತಿ ಸಲವೂ ಒರೆಸಿ. ಅಲ್ಲಿ ಉಳಿದ ಜಿಡ್ಡು ಮುಂದಿನ ಸಲ ಹೊಗೆಯಾಡುತ್ತದೆ, ಬೆಂಕಿಯನ್ನೂ ಹಿಡಿಯಬಹುದು. ಒಳಗೆ ಯಾವಾಗಲಾದರೂ ಬೆಂಕಿ ಕಂಡರೆ ಬಾಗಿಲು ತೆರೆಯದೆ ವಿದ್ಯುತ್ ಕಡಿಯಿರಿ, ಗಾಳಿ ಸಿಗದೆ ಅದು ಆರುತ್ತದೆ.

ಒವನ್ ಬಲ ಕಳೆದುಕೊಳ್ಳುತ್ತಿದೆಯೇ ಎಂದು ಮನೆಯಲ್ಲೇ ಅಳೆಯಬಹುದು. ಹಗುರವಾದ, ಮೈಕ್ರೋವೇವ್‌ಗೆ ತಕ್ಕ ಪಾತ್ರೆಯಲ್ಲಿ ಸರಿಯಾಗಿ 1 ಲೀಟರ್ ನೀರು ಹಾಕಿ, ಕಲಕಿ, ಥರ್ಮಾಮೀಟರಿನಲ್ಲಿ ತಾಪ ನೋಡಿ. ಥರ್ಮಾಮೀಟರ್ ಹೊರತೆಗೆದು, ಪೂರ್ಣ ಶಕ್ತಿಯಲ್ಲಿ 60 ಸೆಕೆಂಡ್ ಕಾಯಿಸಿ, ಮತ್ತೆ ಕಲಕಿ ಅಳೆಯಿರಿ. ಏರಿದ ಡಿಗ್ರಿ ಸೆಲ್ಸಿಯಸನ್ನು 70ರಿಂದ ಗುಣಿಸಿದರೆ ಅಡುಗೆ ಶಕ್ತಿ ವ್ಯಾಟಿನಲ್ಲಿ ಸಿಗುತ್ತದೆ: 24 ಡಿಗ್ರಿಯ ನೀರು 34ಕ್ಕೆ ಏರಿದ್ದರೆ ಸುಮಾರು 700 ವ್ಯಾಟ್. ಒವನ್ ತಣ್ಣಗಿರುವಾಗ ಅಳೆದರೇ ಲೆಕ್ಕ ಸರಿ. ಫಲಕದ ಮೇಲೆ ಬರೆದ ಅಂಕಿಗಿಂತ ಸ್ವಲ್ಪ ಕಡಿಮೆ ಬಂದರೆ ಚಿಂತೆಯಿಲ್ಲ, ಪಾತ್ರೆಯೂ ಒಂದಷ್ಟು ಶಾಖ ಹೀರುತ್ತದೆ. ಅರ್ಧಕ್ಕರ್ಧ ಇಳಿದಿದ್ದರೆ ಮನೆಯ ವೋಲ್ಟೇಜ್ ಕುಸಿದಿರಬೇಕು ಅಥವಾ ಮ್ಯಾಗ್ನೆಟ್ರಾನ್ ಸವೆದಿರಬೇಕು. ವರ್ಷಕ್ಕೊಮ್ಮೆ ಈ ಅಂಕಿಯನ್ನು ಬರೆದಿಟ್ಟುಕೊಂಡರೆ ಯಂತ್ರದ ಇಳಿಗತಿ ಮೊದಲೇ ತಿಳಿಯುತ್ತದೆ, ದಿಢೀರನೆ ಕೈಕೊಟ್ಟಿತೆಂಬ ತೊಂದರೆ ತಪ್ಪುತ್ತದೆ.

ಕೈ ಹಾಕಬಾರದ್ದು ಯಾವುದು ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಸ್ಪಷ್ಟ: ಹೊರಕವಚ. ಒವನ್‌ನ ಕೆಪಾಸಿಟರ್, ಪ್ಲಗ್ ತೆಗೆದ ಮೇಲೂ ಪ್ರಾಣ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಅದರೊಳಗೆ ವಿದ್ಯುತ್ತನ್ನು ನಿಧಾನವಾಗಿ ಖಾಲಿ ಮಾಡುವ ರೆಸಿಸ್ಟರ್ ಇದ್ದರೂ, ಅದು ಕೆಟ್ಟಿದೆಯೋ ಇಲ್ಲವೋ ಹೊರಗಿನಿಂದ ಕಾಣದು. ಟಿವಿ, ಮಿಕ್ಸರ್ ರಿಪೇರಿ ಮಾಡಿ ಪಳಗಿದವರು ಕೂಡ ಇದನ್ನು ಅಂಥದೇ ಇನ್ನೊಂದು ಯಂತ್ರವೆಂದು ಭಾವಿಸಿ ಬಿಚ್ಚಬಾರದು. ಕೆಲವು ಮ್ಯಾಗ್ನೆಟ್ರಾನ್‌ಗಳ ಸೆರಾಮಿಕ್ ಭಾಗದಲ್ಲಿ ಬೆರಿಲಿಯಂ ಆಕ್ಸೈಡ್ ಇರುವುದುಂಟು, ಅದು ಒಡೆದು ಏಳುವ ಧೂಳು ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ತೀವ್ರ ಹಾನಿ. ದೀಪ, ಫ್ಯಾನ್, ತಟ್ಟೆ ಎಲ್ಲ ಸರಿಯಿದ್ದೂ ಆಹಾರ ಬಿಸಿಯಾಗದಿರುವುದು, ಗುಂಯ್‌ಗುಡುವ ಸದ್ದು ಇದ್ದಕ್ಕಿದ್ದಂತೆ ಜೋರಾಗುವುದು, ಪದೇ ಪದೇ ಫ್ಯೂಸ್ ಹೋಗುವುದು, ಹೊರಮೈ ಮುಟ್ಟಿದರೆ ಶಾಕ್ ಹೊಡೆಯುವುದು, ಇವೆಲ್ಲ ತಂತ್ರಜ್ಞರ ಕೆಲಸ. ಒವನ್‌ಗೆ ಅರ್ಥಿಂಗ್ ಇರುವ, ಅದರ ಭಾರ ತಡೆಯುವ ಸಾಕೆಟ್ಟನ್ನೇ ಕೊಡಿ. ಎಕ್ಸ್‌ಟೆನ್ಷನ್ ವೈರ್ ಬೇಡ.

ನಿಮ್ಮ ಒವನ್‌ನಲ್ಲಿ ಹಾಳೆ ಬದಲಿಸಿ ಎಲ್ಲ ಒಣಗಿದ ಮೇಲೆ, ಒಂದು ಲೋಟ ನೀರಿಟ್ಟು ಒಂದು ನಿಮಿಷ ಓಡಿಸಿ ಎದುರಿಗೇ ನಿಂತು ನೋಡಿ. ಕಿಡಿಯಿಲ್ಲದಿದ್ದರೆ ಎಂದಿನಂತೆ ಬಳಸಬಹುದು. ಇದ್ದರೆ ಕೂಡಲೇ ನಿಲ್ಲಿಸಿ ತಂತ್ರಜ್ಞರನ್ನು ಕರೆಸಿ. ಕಿಡಿ ಎಲ್ಲಿ ಕಂಡಿತು, ಎಷ್ಟು ಹೊತ್ತಿಗೆ ಕಂಡಿತು, ಹಾಳೆ ಬದಲಿಸಿದ್ದೀರಿ ಎಂಬುದನ್ನು ಅವರಿಗೆ ಮೊದಲೇ ತಿಳಿಸಿ. ಬಾಗಿಲಿಗೋ ವೇವ್‌ಗೈಡಿಗೋ ಅವರು ಕೈಹಚ್ಚಿದರೆ, ಕೆಲಸ ಮುಗಿದ ಮೇಲೆ ಸೋರಿಕೆ ಮಾಪಕದಿಂದ ಬಾಗಿಲಿನ ನಾಲ್ಕೂ ಅಂಚುಗಳನ್ನು ನಿಮ್ಮೆದುರಿಗೇ ಪರೀಕ್ಷಿಸಲು ಕೇಳಿ, ಬಂದ ಅಂಕಿಯನ್ನು ರಶೀದಿಯ ಮೇಲೆ ಬರೆಸಿಕೊಳ್ಳಿ.